ಸ್ಥಳೀಯ ಒಲವು

ರಾತ್ರಿ ಎರಡೂ ಮುಕ್ಕಾಲು. ಪೀಣ್ಯದ ಸರ್ವರ್ ಕೋಣೆ,
ಸ್ವೆಟರಿನೊಳಗೂ ಚಳಿ.
ನೆರೆಯ ರೂಟರುಗಳೆರಡು
ಒಂದೇ ವಿಳಾಸಕ್ಕೆ ದಾರಿ ಹೇಳುತ್ತಿವೆ:
ಚೆನ್ನೈ ಮೇಲೆ ಹೋದರೆ ಎರಡೇ ಹೆಜ್ಜೆ,
ಮುಂಬೈ ಮೇಲೆ ನಾಲ್ಕು.
ಹತ್ತಿರದ್ದು ಹತ್ತು ದಿನದಿಂದ ಏಳುತ್ತೆ, ಬೀಳುತ್ತೆ;
ಹೊಸೂರು ರಸ್ತೆಯಲ್ಲಿ ಯಾರೋ ಅಗೆಯುತ್ತಲೇ ಇದ್ದಾರೆ.

ಹೆಜ್ಜೆ ಎಣಿಸುವ ಮೊದಲೇ ಯಂತ್ರ
ನನ್ನ ಒಲವು ಕೇಳುತ್ತದೆ.
ಅಂಕಿಯಲ್ಲಿ ಹೇಳಬೇಕು.
ಮುಂಬೈಗೆ ಇನ್ನೂರು ಬರೆದೆ.
ಕಾರಣ ಬರೆಯಲು ಜಾಗವಿಲ್ಲ.

ಪರದೆಯ ಪುಟ್ಟ ಬಾಣ
ಒಂದು ಸಾಲು ಕೆಳಗೆ ಜಾರಿತು.
ನಿದ್ದೆಯಲ್ಲಿದ್ದ ಬೆಂಗಳೂರಿಗೆ ಗೊತ್ತೇ ಆಗಲಿಲ್ಲ.

ಬೆಳಗ್ಗೆ ಆಟೋದ ಗಂಗಹನುಮಯ್ಯ:
"ಗೊರಗುಂಟೆಪಾಳ್ಯ ತಪ್ಪಿಸಿ ಒಳಗಿಂದ ಹೋಗ್ಲಾ ಮೇಡಂ? ಹತ್ರ."
"ಬೇಡ, ಸುತ್ತಿಯೇ ಹೋಗಿ."

ಆ ಒಳದಾರಿಯಲ್ಲೊಂದು ನೀಲಿ ಗೇಟಿದೆ.
ಅವನು ಮೀಟರು ಹಾಕಿದ.