ಅಪ್ಪನ ಬೂಟಿನಡಿ

ಕಾಡ್ ಮೀನಿನ ಬಲೆಗೆ ಏಡಿ ಸಿಕ್ಕರೆ
ಅಪ್ಪ ಬೈಯುತ್ತಿದ್ದ.
ಎಳೆದರೆ ಬಲೆ ಹರಿಯುತ್ತದೆ,
ಮೆಲ್ಲಗೆ ಬಿಡಿಸಿದರೆ ಬೆರಳು ಹರಿಯುತ್ತದೆ,
ಹಾಗಾಗಿ ಬೂಟಿನ ಹಿಮ್ಮಡಿಯಿಂದ ಒಂದೇ ಏಟು.
ಚಟ್ ಎಂದದ್ದನ್ನು ಹಲಗೆಯಲ್ಲಿ ಗುಡಿಸಿ
ನೀರಿಗೆ ತಳ್ಳುತ್ತಿದ್ದ.

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಬಂಡೆಯಂಚಿನ ಊರಲ್ಲಿ
ಮೀನು ಅಂದರೆ ಆಗ ಕಾಡ್ ಒಂದೇ.
ಉಳಿದವಕ್ಕೆ ಅವುಗಳದೇ ಹೆಸರಿತ್ತು,
ಏಡಿಗೆ ಬೈಗುಳವೇ ಹೆಸರು.

ತೊಂಬತ್ತೆರಡರ ಬೇಸಿಗೆಯಲ್ಲಿ ರೇಡಿಯೊ ಹೇಳಿತು:
ಮೀನು ಮುಗಿಯಿತು, ದೋಣಿ ಮೇಲೆಳೆಯಿರಿ.
ಅಪ್ಪ ರೇಡಿಯೊ ಆರಿಸಿದ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದ,
ಬೇರೆ ಏನಾದರೂ ಹೇಳೀತೇನೋ ಎಂದು.

ಆಮೇಲೆ ನಮ್ಮ ಹೊಟ್ಟೆ ಹೊರೆದದ್ದು
ಆ ಬೈಗುಳವೇ.

ಹತ್ತೊಂಬತ್ತು ವರ್ಷ ಏಡಿ ಕಾರ್ಖಾನೆಯ ಸಾಲಿನಲ್ಲಿ ನಿಂತೆ,
ಎದುರಿಗೆ ಲವೀನಿಯಾ ಪಾರ್ಡಿ, ಪಕ್ಕಕ್ಕೆ ಅವಳ ಅತ್ತೆ,
ಅವರಿಬ್ಬರಿಗೆ ಮಾತಿಲ್ಲ, ಮೂವರಿಗೂ ಒಂದೇ ಹಬೆ.
ಕಾಲು ಜಪಾನಿಗೆ, ಉದುರು ಮಾಂಸ ಬಾಸ್ಟನ್ನಿಗೆ,
ಚಿಪ್ಪು ಗುಡ್ಡದ ಹಿಂದಿನ ಗುಂಡಿಗೆ, ಲಾರಿಗಟ್ಟಲೆ.
ಆಗಸ್ಟಿನಲ್ಲಿ ಗಾಳಿ ತಿರುಗಿದರೆ
ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಬೇಕು.
ಪಾದ್ರಿಗಳು ಚರ್ಚಿನ ಕಿಟಕಿ ಮುಚ್ಚಿಸಿ
ಪರಲೋಕದ ಪರಿಮಳದ ಬಗ್ಗೆ ಬೋಧಿಸುತ್ತಿದ್ದರು.

ಏಡಿ ಬೆಳೆಯಬೇಕಾದರೆ ಚಿಪ್ಪು ಕಳಚಬೇಕಂತೆ.
ಕಳಚಿದ್ದೆಲ್ಲ ನನ್ನೊಳಗೆ ಬಂದು ಕೂತಿತು,
ಹಬೆಯ ಜೊತೆ, ಕಣ್ಣಿಗೆ ಕಾಣದ ಪುಡಿಯಾಗಿ.
ವೈದ್ಯರು ಉದ್ದದ ಹೆಸರಿಟ್ಟರು,
ನಾವು ಏಡಿ ಉಬ್ಬಸ ಅಂದೆವು.
ನಮ್ಮ ಮನೆಗೆ ಹನ್ನೆರಡು ಮೆಟ್ಟಿಲು.
ಏಳನೆಯದರ ಮೇಲೆ ನಿಲ್ಲುತ್ತೇನೆ.

ಈಗ ಹಳೆಯ ಐಸ್ ಗೋದಾಮಿನಲ್ಲಿ
ಲವೀನಿಯಾಳ ಮಗ ಕಾಲಮ್ ಏನೋ ಕುದಿಸುತ್ತಾನೆ.
ಮೂಗಿಗೆ ಕಟ್ಟಿಕೊಂಡು ಬಾ, ನೋಡು, ಅಂದ.
ಮೊದಲು ಆಮ್ಲ: ಚಿಪ್ಪಿನ ಸುಣ್ಣವೆಲ್ಲ ನೊರೆಯೆದ್ದು ಹೋಗುತ್ತದೆ.
ಆಮೇಲೆ ಕ್ಷಾರ: ಅಂಟಿಕೊಂಡ ಮಾಂಸದ ನೆನಪು ಹೋಗುತ್ತದೆ.
ಮತ್ತೊಮ್ಮೆ ಕ್ಷಾರ, ಇನ್ನೂ ಬಿಸಿ, ಇನ್ನೂ ಖಾರ.
ಕೊನೆಗುಳಿದದ್ದು ಬಿಳಿ ಸಾಬೂನಿನ ತುರಿಯಂಥದ್ದು,
ಕೈಟೋಸಾನ್ ಎಂದು ಅದರ ಹೆಸರು.
ರಕ್ತ ನಿಲ್ಲಿಸುವ ಪಟ್ಟಿ ಆಗುತ್ತದಂತೆ,
ರಾಡಿ ನೀರನ್ನು ತಿಳಿಯಾಗಿಸುತ್ತದಂತೆ,
ಬಿತ್ತನೆ ಆಲೂಗೆಡ್ಡೆಗೆ ಕೊಳೆ ಹತ್ತದ ಹಾಗೆ ಲೇಪ—
ಬೆರಳು ಮಡಚುತ್ತ ಎಣಿಸಿದ,
ಐದಾದ ಮೇಲೆ ಕೈ ಬದಲಿಸಿದ.
ಬ್ಯಾಂಕಿನವರು ಒಪ್ಪಿದರಾ, ಅಂದೆ.
ಬೆರಳು ನಿಂತವು.

ಈರುಳ್ಳಿಯ ಒಳಪೊರೆಯಂಥ ಒಂದು ಹಾಳೆ ಕೊಟ್ಟ.
ಕಿಟಕಿಗೆ ಹಿಡಿದೆ, ಕೊಲ್ಲಿ ಕಂಡಿತು, ಲಂಗರು ಹಾಕಿದ ಎರಡು ದೋಣಿ.
ಮೂಸಿದೆ. ಏನೂ ಇಲ್ಲ.
ಗುಂಡಿಯಿಲ್ಲ, ಹಬೆಯಿಲ್ಲ, ಕಡಲೂ ಇಲ್ಲ.
ಹತ್ತೊಂಬತ್ತು ವರ್ಷ ನನ್ನ ಕೂದಲಲ್ಲಿ ಇದ್ದದ್ದು
ಎಲ್ಲಿಗೆ ಹೋಯಿತು ಮಗಾ?
ಚರಂಡಿಗೆ, ಅಂದ. ಅದೇ ಈಗಿನ ತಲೆನೋವು,
ತೊಳೆದ ನೀರಿಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ನಕ್ಕೆ. ನಗು ಕೆಮ್ಮಾಗಿ,
ಕೆಮ್ಮು ಕುರ್ಚಿ ಕೇಳಿತು.
ಉಸಿರು ಸಿಕ್ಕಾಗ ಹೇಳಿದೆ:
ಎಸೆಯಬೇಡ. ಒಂದು ಡ್ರಮ್ಮಿನಲ್ಲಿ ಎತ್ತಿಡು.

ಹೊರಗೆ ಜೆಟ್ಟಿಯ ಹಲಗೆಯ ಮೇಲೆ
ಯಾರದೋ ಬುಟ್ಟಿಯಿಂದ ಬಿದ್ದ ಅಂಗೈಯಗಲದ ಏಡಿ.
ನನ್ನ ಕಾಲು ತಾನಾಗಿ ಎದ್ದಿತು,
ಅಪ್ಪನ ಕಾಲಿನ ಹಾಗೆ, ಹಿಮ್ಮಡಿ ಮುಂದಾಗಿ.
ಗಾಳಿಯಲ್ಲಿ ಅಷ್ಟು ಹೊತ್ತು ನಿಂತು
ಪಕ್ಕಕ್ಕೆ ಇಳಿಯಿತು.