ಬಡಿಸುವವಳ ಲೆಕ್ಕ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿ,
ಚೋಂದಮ್ಮನ ಹೋಟೆಲು.
ಹನ್ನೊಂದು ವರ್ಷದಿಂದ ಇಲ್ಲಿ ಬಡಿಸುತ್ತಿದ್ದೇನೆ.
ಆರು ಮೇಜು, ಇಪ್ಪತ್ತಮೂರು ಕುರ್ಚಿ.
ಇಪ್ಪತ್ತನಾಲ್ಕನೆಯದು ಗಲ್ಲಾದ ಹಿಂದೆ ಹೋಯಿತು.
ಹೆಸರು ದಮಯಂತಿ,
ಆದರೆ ಬಾಗಿಲ ಒಳಗೆ ನಾನು ಹಲೋ, ಏಯ್, ಶ್‌ಶ್, ಮೇಡಂ,
ಒಮ್ಮೊಮ್ಮೆ ಬರೀ ಒಂದು ಚಿಟಿಕೆ.

ಜನರನ್ನು ಮುಖದಿಂದ ಗುರುತಿಡುವುದಿಲ್ಲ ನಾನು,
ಅವರು ಎದ್ದುಹೋದ ಮೇಜಿನಿಂದ.

ಇದು ಭಾನುವಾರದ ಕಾರಿನವರದು:
ಕಡಂಬುಟ್ಟಿಗೆ ಐದು ಕಡೆಯಿಂದ ಫೋಟೋ ಹಿಡಿದು
ಆಮೇಲೆ ತಣ್ಣಗಾಗಿದೆ ಎಂದು ವಾಪಸು ಕಳಿಸಿದವರು.
ಕಡಂಬುಟ್ಟು ಯಾರಿಗೂ ಕಾಯುವುದಿಲ್ಲ,
ಹಬೆ ಇರುವಾಗಲೇ ಮುರಿಯಬೇಕು,
ಪಂದಿಕರಿಯ ಕಪ್ಪು ರಸಕ್ಕೆ ಅದ್ದಬೇಕು.
ಇದನ್ನು ಯಾವ ಫೋನಿಗೆ ಹೇಳಲಿ?

ಇದು ಮದುವೆ ಜವಳಿಗೆ ಬಂದವರದು:
ಕಾಫಿ ಲೋಟದೊಳಗೆ ಟಿಶ್ಯೂ, ಟಿಶ್ಯೂವಿನೊಳಗೆ ಮೂಳೆ,
ತಟ್ಟೆಯಲ್ಲೇ ತೊಳೆದ ಬೆರಳುಗಳ ನೀರು.
ಕೈತೊಳೆಯುವ ಜಾಗಕ್ಕೆ ಎಂಟು ಹೆಜ್ಜೆ.
ಅವರ ಬದಲಿಗೆ ಆ ಎಂಟೂ ಹೆಜ್ಜೆ ನಾನು ನಡೆದೆ,
ಬೆರಳ ನೀರು ತುಳುಕದ ಹಾಗೆ.

ಲಾರಿ ಅಂತೋಣಿ ಬರುವುದು ಮೂರೂವರೆಗೆ,
ಮರದ ಲೋಡು ಇಳಿಸಿ.
ಎಲ್ಲರೂ ಕೇಳುವುದು, ಏನೇನಿದೆ?
ಅವನು ಕೇಳುವುದು, ಏನು ಉಳಿದಿದೆ?
ಅಷ್ಟಕ್ಕೇ ಒಳಗೆ ಚೋಂದಮ್ಮನ ಗಂಟುಮುಖ ಬಿಚ್ಚುತ್ತದೆ,
ತಳದ ನೂಪುಟ್ಟಿನ ಜೊತೆಗೆ
ಇಲ್ಲದ ಮೊಟ್ಟೆಯೊಂದು ಎಲ್ಲಿಂದಲೋ ಹುಟ್ಟುತ್ತದೆ.
ಅವನೇನು ಸಂಭಾವಿತನಲ್ಲ.
ಸಾಲ ಬರೆಸುತ್ತಾನೆ, ಮೈಯೆಲ್ಲ ಬೀಡಿ,
ತೇಗಿದರೆ ಗೋಡೆಯ ಕ್ಯಾಲೆಂಡರು ಅಲ್ಲಾಡುತ್ತದೆ.
ಆದರೆ ಮೂಳೆಗಳನ್ನು ತಟ್ಟೆಯ ಒಂದೇ ಅಂಚಿಗೆ ಸೇರಿಸುತ್ತಾನೆ,
ಏಳುವಾಗ ಕುರ್ಚಿಯನ್ನು ಎಳೆಯುವುದಿಲ್ಲ,
ಎತ್ತಿ ಒಳಗಿಡುತ್ತಾನೆ,
ಮಲಗಿದ ಮಗುವನ್ನು ಪಕ್ಕಕ್ಕೆ ಸರಿಸಿದಂತೆ.

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತೇವೆ,
ಊಟ ಆಯ್ತಾ?
ಕಂಡಕ್ಟರನ್ನು, ಔಷಧಿ ಅಂಗಡಿಯವರನ್ನು,
ಮಾತು ಬಿಟ್ಟ ಓರಗಿತ್ತಿಯನ್ನೂ.
ಬಡಿಸುವವಳನ್ನು ಮಾತ್ರ ಕೇಳುವುದಿಲ್ಲ.
ಪಾತ್ರೆ ಹಿಡಿದವಳಿಗೆ ಹಸಿವಿರದು ಎಂಬ ಲೆಕ್ಕ.

ಕಳೆದ ತಿಂಗಳು ಅತ್ತೆಯ ಸ್ಕ್ಯಾನಿಂಗಿಗೆ ಮಡಿಕೇರಿಗೆ ಹೋಗಿದ್ದೆ.
ಮಧ್ಯಾಹ್ನ ಎರಡೂವರೆ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲು.
ಕೂತು ಇಪ್ಪತ್ತು ನಿಮಿಷ, ಕುಡಿಯಲು ನೀರೂ ಬಂದಿಲ್ಲ.
ಅತ್ತೆಗೆ ಸಕ್ಕರೆ ಕಾಯಿಲೆ, ಕೈ ನಡುಗುತ್ತಿದೆ.
ಆಗ ನನ್ನ ಬಲಗೈ ತಾನಾಗಿಯೇ ಮೇಲೆದ್ದಿತು.
ಹೆಬ್ಬೆರಳು ನಡುಬೆರಳಿಗೆ ಒತ್ತಿಕೊಂಡಿತು,
ನಾಲಿಗೆಯ ತುದಿಯಲ್ಲಿ 'ಏಯ್' ತಯಾರಾಗಿತ್ತು.
ಎಷ್ಟು ಸಲೀಸು!
ಹನ್ನೊಂದು ವರ್ಷ ನನ್ನ ಕಡೆಗೆ ಬಂದ ಚಿಟಿಕೆಗಳೆಲ್ಲ
ನನ್ನ ಬೆರಳಲ್ಲೇ ಬಿಡಾರ ಹೂಡಿದ್ದವು.

ಎತ್ತಿದ ಕೈಯಲ್ಲಿ ಸೆರಗು ಸರಿಮಾಡಿಕೊಂಡೆ.

ಹುಡುಗ ಬಂದ. ಯಾವ ರಾಜ್ಯದವನೋ,
ಹೊಸ ಚಪ್ಪಲಿಯಂತೆ ಕಚ್ಚುವ ಕನ್ನಡ.
ಮೊದಲು ಅತ್ತೆಗೆ ನೀರು ಕೊಟ್ಟ.
ಕಣ್ಣು ಕೆಂಪಾಗಿತ್ತು, ತುಟಿ ಒಣಗಿತ್ತು.
ನಾನು ಕೇಳಿದೆ, 'ಊಟ ಆಯ್ತಾ?'
'ಊಟ ಖಾಲಿ ಅಕ್ಕ. ಪರೋಟ ಇದೆ.'
ಅದು ತನ್ನನ್ನು ಕೇಳಿದ್ದೆಂದು
ಅವನಿಗೆ ಹೊಳೆಯಲೇ ಇಲ್ಲ.
ನಾನೂ ಬಿಡಿಸಿ ಹೇಳಲಿಲ್ಲ, ಹಿಂದೆ ಮೂರು ಮೇಜು ಕೂಗುತ್ತಿದ್ದವು.

ಪರೋಟ ತಿಂದೆವು.
ಕರಿಬೇವು, ಲವಂಗ ಒಂದು ಅಂಚಿಗೆ ಸರಿಸಿದೆ,
ತಟ್ಟೆಯ ಮೇಲೆ ತಟ್ಟೆ, ಲೋಟದೊಳಗೆ ಲೋಟ.
'ಇಲ್ಲೂ ಡ್ಯೂಟಿಯಾ ನಿಂದು?' ಅತ್ತೆ ನಕ್ಕರು.
ಹೊರಗೆ ನಮ್ಮ ಬಸ್ಸಿನ ಹಾರನ್ನು,
ಚಿಲ್ಲರೆ ಹಾಗೇ ಬಿಟ್ಟು ಓಡಿದೆವು.

ಬಸ್ಸು ಮೂರ್ನಾಡು ದಾಟಿದ ಮೇಲೆ ನೆನಪಾಯಿತು:
ಕುರ್ಚಿ ಒಳಗಿಡಲಿಲ್ಲ.