ಕಾರಣದ ಕಾಲಂ

ಪೋಲಿಷ್ ಭಾಷೆಯಲ್ಲಿ ನಮ್ಮೂರ ಹೆಸರಿಗೆ ದೋಣಿ ಎಂದರ್ಥ.
ಸಮುದ್ರ ಮುನ್ನೂರು ಕಿಲೋಮೀಟರಿನಾಚೆ.
ವೂಚ್‌ನಲ್ಲಿ ಹರಿದದ್ದು ನೀರಲ್ಲ, ನೂಲು.

ಗೆನೊವೆಫಾ ಗಿರಣಿಯಿಂದ ಮನೆಗೆ ಬರುವಾಗ
ರೆಪ್ಪೆಯ ಮೇಲೂ ಹತ್ತಿಯ ಪುಡಿ.
"ಹಿಮ ಬಿತ್ತಾ?" ಎಂದು ಟ್ರಾಮಿನಲ್ಲಿ ಕೇಳುತ್ತಿದ್ದರಂತೆ,
ಜುಲೈ ತಿಂಗಳಲ್ಲಿ.
ಇಪ್ಪತ್ತಾರು ವರ್ಷ. ಆಮೇಲೆ ಗಿರಣಿ ಮುಚ್ಚಿತು.
ಮಗ್ಗಗಳನ್ನು ತೂಕಕ್ಕೆ ಮಾರಿದರು.
ಧೂಳು ಮಾತ್ರ ಇವಳ ಜೊತೆಗೇ ಬಂತು,
ಪಿಂಚಣಿಗಿಂತ ನಿಯತ್ತಾಗಿ.
ಮೇಲೆ ದಿನಕ್ಕೊಂದು ಪ್ಯಾಕ್ ಸಿಗರೇಟು;
ಅದನ್ನು ನಾವು ಕೇಳುವ ಮೊದಲೇ ಒಪ್ಪಿಕೊಂಡಳು.

ನಾನು ಎಕೋ ಮಾಡುವವಳು.
ಎಡಕ್ಕೆ ಹೊರಳಿ, ಒಂದು ಕ್ಷಣ ಉಸಿರು ಹಿಡಿಯಿರಿ, ಅಂದೆ.
ನಕ್ಕಳು. ನಗು ಶಿಳ್ಳೆಯಾಗಿ ಹೊರಬಂತು.
"ಹಿಡಿಯೋಕೆ ಮೊದಲು ಅದು ಸಿಗಬೇಕಲ್ಲ, ಮಗಳೇ."

ಪರದೆಯ ತುಂಬ ಮಂಜು.
ಉಬ್ಬಿದ ಶ್ವಾಸಕೋಶ ಅಡ್ಡ ನಿಂತಿದೆ.
ಗಾಳಿ ಸಾಲದವಳ ಎದೆಯಲ್ಲಿ
ಗಾಳಿಯೇ ಗೋಡೆ:
ಒಳಗೆ ಬಂದದ್ದು ಹೊರಗೆ ಹೋಗಲೊಲ್ಲದು.
ಪಕ್ಕೆಲುಬಿನ ಕೆಳಗಿಂದ ಇಣುಕಿ
ಕೊನೆಗೂ ಕಂಡೆ:
ಕತ್ತು ಹಿಂಡುತ್ತಿದೆ, ಹೊಟ್ಟೆ ಮಾತ್ರ
ಸುಮ್ಮನೆ ಊದಿಕೊಂಡು ನಿಂತಿದೆ.

ಜಪಾನಿನ ಬೆಸ್ತರು ಆಕ್ಟೋಪಸ್ ಹಿಡಿಯಲು
ಹಗ್ಗ ಕಟ್ಟಿ ಕಡಲಿಗಿಳಿಸುವ ಮಡಕೆ,
ಅದೇ ಆಕಾರ, ಅದೇ ಹೆಸರು ಈ ಕಾಯಿಲೆಗೆ.
ದೋಣಿಯೆಂಬ ಊರಿಗೆ
ಅಂತೂ ಸಮುದ್ರದಿಂದ ಏನೋ ಒಂದು ಬಂತು.

ಡಾಕ್ಟರ್ ಹೊಯ್ನಾತ್ಸ್ಕಿಯ ಕೈಯಲ್ಲಿ ಒಂದು ಫಾರಂ.
ಅದರಲ್ಲೊಂದು ಕಾಲಂ: ಆಘಾತದ ಕಾರಣ.
"ಗಂಡ?"
"ಹೋಗಿ ಹದಿನೆಂಟು ವರ್ಷ. ಅವತ್ತು ಸೂಪ್ ಮಾಡಿದ್ದೆ. ಕುಡಿದೆ ಕೂಡ."
"ಮಕ್ಕಳು?"
"ಚೆನ್ನಾಗಿದಾರೆ. ತುಂಬಾ ಫೋನ್ ಮಾಡ್ತಾರೆ."
"ಬೆಕ್ಕು, ನಾಯಿ...?"
"ಒಂದು ಜೆರೇನಿಯಂ ಇದೆ. ಬದುಕಿದೆ."

ಬಾಗಿಲಲ್ಲಿ ನರ್ಸ್ ಹಾಲ್ಷ್ಕಾ, ಕೈಯಲ್ಲಿ ಖಾಲಿ ಟ್ರೇ,
ಹೋಗದೆ ನಿಂತಿದ್ದಾಳೆ.
ಒಡೆದ ಹೃದಯವೆಂದರೆ
ಒಡೆದವನೊಬ್ಬ ಇರಲೇಬೇಕು ಅವಳಿಗೆ.
ನನಗೂ, ನಿಜ ಹೇಳಬೇಕೆಂದರೆ.

"ಮಂಗಳವಾರ ಲಿಫ್ಟ್ ಕೆಟ್ಟಿತ್ತು," ಅಂದಳು.
"ಬೀದಿಯಲ್ಲಿ ಕಲ್ಲಿದ್ದಲ ಹೊಗೆ ನೆಲಕ್ಕೇ ಕೂತಿತ್ತು.
ಚೀಲದಲ್ಲಿ ಬೀಟ್ರೂಟು, ಎರಡು ಕಿಲೋ.
ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ
ಉಸಿರು ನಿಂತುಹೋಯ್ತು.
ಪಂಪು ಮನೆಯಲ್ಲಿ, ರೇಡಿಯೋ ಮೇಲೆ.
ಮೆಟ್ಟಿಲ ಮೇಲೆ ಕೂತೆ. ಗೋಡೆಯ ಹಸಿರು ಟೈಲು ಎಣಿಸಿದೆ.
ಕೆಳಗೆ ಯಾರೋ ಬಾಗಿಲು ಹಾಕಿಕೊಂಡರು.
ಅಷ್ಟೇ. ಯಾರೂ ಸಾಯಲಿಲ್ಲ.
ನಾನು ಸಾಯ್ತೀನಿ ಅಂದುಕೊಂಡೆ, ಹನ್ನೊಂದು ನಿಮಿಷ.
ಅದು ನಿಮ್ಮ ಕಾಲಮ್ಮಿಗೆ ಬರುತ್ತಾ?"

ಪೆನ್ನು ಕಾಗದದ ಮೇಲೆ ಕೊಂಚ ಹೊತ್ತು ನಿಂತಿತು.
ಹಾಲ್ಷ್ಕಾ ಟ್ರೇ ಎತ್ತಿಕೊಂಡು ಹೋದಳು.

ಆ ರಾತ್ರಿಯಿಡೀ ವಾದ:
ಉಸಿರು ತೆರೆಯುವ ಔಷಧಿ ಹೃದಯವನ್ನು ಓಡಿಸುತ್ತದೆ,
ಹೃದಯವನ್ನು ಕೂರಿಸುವ ಮಾತ್ರೆ
ಉಸಿರಿನ ಕೊಳವೆ ಬಿಗಿಯಬಹುದು.
ಮುಖವಾಡದೊಳಗಿಂದ ಕೇಳಿಸಿಕೊಂಡವಳು
ಹಾಸಿಗೆಯ ಚಾದರದಲ್ಲೊಂದು ಎಳೆ ಹಿಡಿದೆಳೆದು ತೋರಿಸಿದಳು:
ಇಲ್ಲಿ ಎಳೆದರೆ ಅಲ್ಲಿ ಸುಕ್ಕು.
ಹಾಸಿಗೂ ಹೊಕ್ಕಿಗೂ ಜಗಳ ಹಚ್ಚಿ
ಯಾವ ನೇಕಾರಳೂ ಬಟ್ಟೆ ಉಳಿಸಿಕೊಂಡಿಲ್ಲ.

ಒಂಬತ್ತು ದಿನ ಅತ್ತಲೋ ಇತ್ತಲೋ.
ಬೇರೆಯವರು ನಾಲ್ಕು ದಿನಕ್ಕೆ ಮನೆಗೆ ಹೋಗುತ್ತಾರೆ.

ಆರು ವಾರದ ಮೇಲೆ ಅದೇ ಯಂತ್ರ, ಅದೇ ಮಂಜು.
ಮಡಕೆ ಮತ್ತೆ ಹೃದಯವಾಗಿತ್ತು.
ಹೇಳಿದೆ.
"ಮರೆತುಬಿಡ್ತು, ಪುಣ್ಯಾತ್ಮ," ಎಂದು
ಪಕ್ಕೆಲುಬು ತಟ್ಟಿದಳು, "ಇವು ಮರೆಯೋ ಪೈಕಿ ಅಲ್ಲ."
ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು:
"ಆ ಆಕ್ಟೋಪಸ್ಸು, ಮಡಕೆಯಿಂದ ಹೊರಗೆ ಬರೋಕಾಗಲ್ವಾ?"
ಮುಚ್ಚಳ ಇರುವುದಿಲ್ಲವಂತೆ, ಅಂದೆ.
ಬರಬಹುದು.

ಲಿಫ್ಟ್ ಸರಿಯಾಯಿತೇ ಎಂದು ನಾನು ಕೇಳಲಿಲ್ಲ.
ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ
ಒಂದೊಂದು ಕಿಟಕಿಯ ಬಳಿಯೂ ನಿಂತಳು,
ಹೊರಗೆ ನೋಡುವ ನೆಪದಲ್ಲಿ.